ಪುಕ್ಕಟೆ ವೇಗದ ಮೋಹ

ಪುಕ್ಕಟೆ ಅಂದರೆ ಯಾರ ಕಿವಿ ನೆಟ್ಟಗಾಗುವುದಿಲ್ಲ ಹೇಳಿ? ಓವರ್‌ಕ್ಲಾಕಿಂಗ್, ಅಂದರೆ ಕಂಪ್ಯೂಟರ್ ಚಿಪ್ಪನ್ನು ನಿಗದಿತ ವೇಗಕ್ಕಿಂತ ಜೋರಾಗಿ ಓಡಿಸುವ ಹುಚ್ಚಿನ ಮೂಲವೂ ಅದೇ. 1998ರಲ್ಲಿ ಬಂದ ಇಂಟೆಲ್‌ನ ಅಗ್ಗದ ಸೆಲೆರಾನ್ 300ಎ ಚಿಪ್, ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ 300ರ ಬದಲು 450ರಲ್ಲಿ ಓಡುತ್ತಿತ್ತು! ಈಗಿನ ಚಿಪ್‌ಗಳು ಟರ್ಬೋ ಹೆಸರಲ್ಲಿ ತಾವೇ ಏದುಸಿರು ಬಿಡುತ್ತ ಓಡುತ್ತವೆ. ನಮಗೆ ಉಳಿಯುವುದು ತಳದ ಗಸಿ. ಅದಕ್ಕೂ ಇಂಟೆಲ್ ಆದರೆ ಸಾಮಾನ್ಯವಾಗಿ ಹೆಸರಿನ ಬಾಲಕ್ಕೆ ‘ಕೆ’ ಇರಬೇಕು, ಮದರ್‌ಬೋರ್ಡೂ ಒಪ್ಪಬೇಕು.

ಅಣ್ಣನ ಮಗನಿಗೆ ಇಷ್ಟೆಲ್ಲ ಹೇಳಿದೆ. “ಆದ್ರೂ ಮಾಡ್ತೀನಿ ಚಿಕ್ಕಪ್ಪಾ” ಅಂದ. ಸರಿ, ಮೊದಲು ಫೋಟೋ, ಫೈಲುಗಳ ಬ್ಯಾಕಪ್ ತಗೊ. ಬಯಾಸ್‌ನಲ್ಲಿ ಮಲ್ಟಿಪ್ಲೈಯರ್ ಒಂದೊಂದೇ ಅಂಕಿ ಏರಿಸು. ಪ್ರತಿ ಸಲ ಸ್ಟ್ರೆಸ್ ಟೆಸ್ಟ್ ಓಡಿಸಿ ಬಿಸಿ ಎಷ್ಟೆಂದು ನೋಡು. ವೋಲ್ಟೇಜ್ ತಂಟೆಗೆ ಹೋದರೆ ಮಾತ್ರ ಹುಷಾರು: ಅದನ್ನು ಶೇ. 10 ಏರಿಸಿದರೆ, ವೇಗ ಇದ್ದಷ್ಟೇ ಇದ್ದರೂ ಚಿಪ್ ನುಂಗುವ ಕರೆಂಟು ಸುಮಾರು ಶೇ. 20 ಹೆಚ್ಚುತ್ತದೆ. ವಾರಂಟಿ ಕಾಗದಕ್ಕೆ ಬೇಕಾದರೆ ಕೈಮುಗಿದು ಬಿಡು.

ಕಂಪ್ಯೂಟರ್ ಪೆಟ್ಟಿಗೆ ಬಿಚ್ಚಿದರೆ ಫ್ಯಾನಿನ ಮೇಲೆ ಬೆರಳುದ್ದದ ಧೂಳು! ಬ್ರಷ್ ಆಡಿಸಿದ್ದೇ ತಡ, ಬಿಸಿ ಇಳಿಯಿತು, ಗುರ್ ಸದ್ದೂ ನಿಂತಿತು. “ಸಾಕಲ್ಲೋ?” ಅಂದೆ. “ಇದು ಲೆಕ್ಕಕ್ಕಿಲ್ಲ ಚಿಕ್ಕಪ್ಪಾ” ಅನ್ನುತ್ತ ಬಯಾಸ್ ಹೊಕ್ಕ.