ಫರಸಿ ಮೇಲೆ ಹರಡಿದ ಜಿಲ್ಲೆ

ಸರ್ವೆ ಆಫ್ ಇಂಡಿಯಾದವರಿಗೆ ಬೀದರ ಜಿಲ್ಲೆಯ ಮೇಲೆ ಯಾವುದೋ ಹಳೆಯ ಸಿಟ್ಟಿದ್ದಿರಬೇಕು. ಇಂಚಿಗೊಂದು ಮೈಲಿಯ ಹಳೆಯ ನಕಾಶೆಗಳಲ್ಲಿ ನಮ್ಮ ಮೂರೂ ಊರುಗಳು ಹಾಳೆಯ ಅಂಚಿಗೇ ಬಿದ್ದಿವೆ. ಬೀದರ 56 ಜಿ/9ರ ಎಡಕ್ಕೆ, ಭಾಲ್ಕಿ 56 ಎಫ್/4ರ ತಳಕ್ಕೆ. ಔರಾದವಂತೂ ಎಫ್/7, ಎಫ್/8 ಕೂಡುವಲ್ಲೇ, ಅಣ್ಣತಮ್ಮಂದಿರ ಪಾಲಿನ ಗೋಡೆಗೆ ಸಿಕ್ಕ ದೇವರಗೂಡಿನಂತೆ. ಕಾಲು ಡಿಗ್ರಿಗೊಂದು ಹಾಳೆಯೆಂದು ಕತ್ತರಿ ಆಡಿಸುವವರಿಗೆ ಹದಿನೆಂಟನೆಯ ಅಕ್ಷಾಂಶ ಮುಖ್ಯ. ಅದನ್ನು ದಿನಾ ಬಸ್ಸಿಗೆ ಜೋತುಬಿದ್ದು ದಾಟುವ ಭಾಲ್ಕಿಯವರು ಲೆಕ್ಕಕ್ಕಿಲ್ಲ.

ನಾಲ್ಕೂ ಹಾಳೆಗಳನ್ನು ಮನೆಯ ಶಹಾಬಾದ ಫರಸಿ ಮೇಲೆ ಜೋಡಿಸಿದೆ. ನಡುವಿನ ಜಿ/5 ನನ್ನ ಹತ್ತಿರವಿಲ್ಲ. ಹೀಗಾಗಿ ಭಾಲ್ಕಿಯ ದಾರಿ ಬೀದರ ದಾಟಿದ ಕೂಡಲೇ ಫರಸಿಗಿಳಿದು, ಕಾಕಾನ ಚಹಾ ಬಸಿ ಬಳಸಿಕೊಂಡು ಹೋಗಬೇಕಾಯಿತು.

ಬೀದರಿನ ಉತ್ತರಕ್ಕೆ ಎತ್ತರದ ಗೆರೆಗಳು ಒಂದರ ಮೈಮೇಲೊಂದು ಬಿದ್ದಿದ್ದವು. ಕೆಂಪು ಕಲ್ಲಿನ ಗುಡ್ಡ ಅಲ್ಲಿ ಮುಗಿದು ಮಂಜ್ರಾದ ಕಡೆ ಇಳಿಯುತ್ತದೆ. ಕೋಟೆಯ ಮೂರು ಪದರಿನ ಖಂದಕವನ್ನೂ ಅದೇ ಬಂಡೆಯಲ್ಲಿ ಕಡಿದಿದ್ದಾರೆ. ಬಹಮನಿಯವರು ಕೋಟೆಗೆಂದು ಗಣಿ ತೋಡಿದರೋ, ಗಣಿಯ ಕಲ್ಲು ಎಲ್ಲಿಡುವುದೆಂದು ಕೋಟೆ ಕಟ್ಟಿದರೋ, ನನಗಿನ್ನೂ ಬಗೆಹರಿದಿಲ್ಲ.

ಔರಾದ ಕಾಕಾನಿಗೆ ಇದೆಲ್ಲ ಬೇಡ. "ನಮ್ಮ ಬಾವಿ ಎಲ್ಲದ?"

ಬಾವಿಗೆ ನೀಲಿ ಚುಕ್ಕೆ, ನೀರಿಲ್ಲದ ಹಳ್ಳಕ್ಕೆ ಕರಿ ಗೆರೆ ಎಂದೆ. ಹುರುಪಿನಲ್ಲಿ ಇನ್ನಷ್ಟು ಹೇಳಿದೆ: 1841ರಲ್ಲಿ ಆಂಡ್ರ್ಯೂ ವಾ ಬೀದರಿನ ಹತ್ತಿರವೇ ಭೂಮಾಪನದ ಆಧಾರರೇಖೆ ಅಳೆದ, ಬಿಸಿಲಿಗೆ ಹಿಗ್ಗಿ ಲೆಕ್ಕ ತಪ್ಪಬಾರದೆಂದು ಹತ್ತಡಿಯ ಕಬ್ಬಿಣದ ಪಟ್ಟಿಗೆ ಹಿತ್ತಾಳೆಯದನ್ನು ಜೋಡಿ ಮಾಡಿದ್ದರು, ಮುಂದೆ 1856ರಲ್ಲಿ ಹಿಮಾಲಯದ ಶಿಖರಕ್ಕೆ ಎವರೆಸ್ಟನ ಹೆಸರು ಸೂಚಿಸಿದವನೂ ಅವನೇ.

ಕಾಕಾ ಅರಳಿದರು. "ಹಂಗಾದ್ರ ಇದರಾಗ ಸುಳ್ಳ ಇರಂಗಿಲ್ಲ. ಕೋರ್ಟಿನಾಗ ನಡೀತದ."

ಭೂತಗನ್ನಡಿ ಹಿಡಿದು ಎಫ್/8ರ ಮೇಲೆ ಬೋರಲಾಗಿ ಮಲಗಿದರು. ಮಾರುತಿ ಗುಡಿ ಸಿಕ್ಕಿತು, ಕರಿ ಹಳ್ಳ ಸಿಕ್ಕಿತು. ನೀಲಿ ಚುಕ್ಕೆಯೂ ಸಿಕ್ಕಿತು, ಹಳ್ಳದ ಆ ದಂಡಿಗೆ. ನಮ್ಮ ಹೊಲ ಈ ದಂಡಿಗೆ.

ಬಹಳ ಹೊತ್ತು ಮಾತಿಲ್ಲ. ಆಮೇಲೆ ಭೂತಗನ್ನಡಿ ಒರೆಸುತ್ತ ಎದ್ದು ಕೂತರು.

"ಹಿತ್ತಾಳಿ ಪಟ್ಟಿ ಅಂದ್ಯಲ್ಲ? ಹಿತ್ತಾಳೀನೂ ಬಿಸಲಿಗಿ ಹಿಗ್ಗತದ. ಮಡಚಿಡು. ಬಾಜೂ ಹೊಲದಾವ ಸಂಜಿಗಿ ಚಹಾಕ್ಕ ಬರಾಂವ ಇದ್ದಾನ."