ಜೀರ್ಣವಿಮಾನ ಮೌಲ್ಯಮೀಮಾಂಸೆ

ಹಳೆಯ ಯುದ್ಧವಿಮಾನದ ಬೆಲೆ ಎಷ್ಟು? ಪೂರ್ವಪಕ್ಷಿಯಾದ ಗುಜರಿ ವ್ಯಾಪಾರಿಯ ಮತ: ಅಲ್ಯೂಮಿನಿಯಂ ತೂಕಕ್ಕೆ ತಕ್ಕಷ್ಟು, ಸೀಟು-ರಬ್ಬರಿಗೆ ಏನೂ ಇಲ್ಲ, ಸಾಗಣೆ ನಿಮ್ಮದು. ಇದು ಅಜ್ಞಾನ. ಸಿದ್ಧಾಂತವೆಂದರೆ, ವಿಮಾನ ಎಷ್ಟು ಇಲ್ಲವೋ ಅಷ್ಟು ಬೆಲೆ.

ಪ್ರಮಾಣ ಬೇಕೆ? ಪಿ9374 ಎಂಬ ಬ್ರಿಟಿಷ್ ಸ್ಪಿಟ್‌ಫೈರ್ ಯುದ್ಧವಿಮಾನ 1940ರ ಮೇ ತಿಂಗಳಲ್ಲಿ ಫ್ರಾನ್ಸಿನ ಕ್ಯಾಲೇ ಕಡಲತೀರದಲ್ಲಿ ಬಿದ್ದು ಮರಳೊಳಗೆ ಮುಳುಗಿತು. ನಲವತ್ತು ವರ್ಷ ಅಲ್ಲೇ ತಪಸ್ಸು ಮಾಡಿ 1980ರಲ್ಲಿ ತಲೆಯೆತ್ತಿತು. ದುರಸ್ತಿಯಾಗಿ 2015ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿಗೆ ಬಂದಾಗ ಬೆಲೆ 30 ಲಕ್ಷ ಪೌಂಡ್ ದಾಟಿತು. ತಯಾರಾದ ಸ್ಪಿಟ್‌ಫೈರ್‌ಗಳು 20,000ಕ್ಕೂ ಹೆಚ್ಚು. ಬಹುಪಾಲು ಹಾಳಾದದ್ದು ಉಳಿದವುಗಳ ಪುಣ್ಯ.

ಆಕ್ಷೇಪ: ತುಕ್ಕು ಹಿಡಿದ ರೆಕ್ಕೆ, ಬಾಲ, ಮೈತಗಡು ಎಲ್ಲವನ್ನೂ ಬದಲಿಸಿದ ಮೇಲೆ ಅದು ಅದೇ ವಿಮಾನ ಹೇಗೆ? ಸಮಾಧಾನ: ವಿಮಾನದ ನಂಬರು ಕೊರೆದ ಒಂದು ಚಿಕ್ಕ ತಗಡು ಇರುತ್ತದೆ, ಅದೇ ಆತ್ಮ. ದೇಹವನ್ನು ಎಷ್ಟು ಸಲ ಬೇಕಾದರೂ ಹೊಸದಾಗಿ ಕಟ್ಟಿಸಿಕೊಳ್ಳಬಹುದು. ಆತ್ಮದ ಜೊತೆಗೆ ಕಾಗದಪತ್ರ ಮಾತ್ರ ಸರಿಯಾಗಿರಬೇಕು. ಗೀತೆಯಲ್ಲಿ ಕಾಗದಪತ್ರದ ಪ್ರಸ್ತಾಪವಿಲ್ಲದಿರುವುದು ವಿಷಾದನೀಯ.

ಇಲ್ಲದಿರುವಿಕೆಯ ಪರಾಕಾಷ್ಠೆಗೆ ಬರ್ಮಾದ ರಂಗೂನ್ ನೋಡಬೇಕು. ಎರಡನೇ ಮಹಾಯುದ್ಧ ಮುಗಿದಾಗ ಬ್ರಿಟಿಷರು ಡಜನ್‌ಗಟ್ಟಲೆ ಸ್ಪಿಟ್‌ಫೈರ್‌ಗಳನ್ನು ಪೆಟ್ಟಿಗೆ ಸಮೇತ ಅಲ್ಲಿ ಹೂತರೆಂದು ಇಂಗ್ಲೆಂಡಿನ ರೈತರೊಬ್ಬರು ವರ್ಷಗಟ್ಟಲೆ ನಂಬಿದ್ದರು. 2013ರಲ್ಲಿ ವಿಮಾನ ನಿಲ್ದಾಣದ ನೆಲ ಅಗೆದರು, ದುಡ್ಡು ಹಾಕಿದ್ದು ಒಂದು ವಿಡಿಯೊ ಗೇಮ್ ಕಂಪನಿ. ಒಂದು ವಿಮಾನವೂ ಸಿಗಲಿಲ್ಲ. ಇಷ್ಟು ಪರಿಶುದ್ಧ ವಿಮಾನ ಮತ್ತೆಲ್ಲಿ?

ಶಾಸ್ತ್ರ ಅರಿಯದೆ ಕೆಟ್ಟವರು ನಮ್ಮ ಬೆಂಗಳೂರಿನವರು. ಯುದ್ಧಾನಂತರ ಬ್ರಿಟಿಷರು ಯಾರಿಗೂ ದಕ್ಕದಂತೆ ಬೇಕೆಂದೇ ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋದ ಲಿಬರೇಟರ್ ಬಾಂಬರ್‌ಗಳು ಚಿನ್ನದಂಥ ಗುಜರಿಯಾಗಿದ್ದವು. ಸುಮ್ಮನೆ ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಕೋಟಿ ಬಾಳುತ್ತಿದ್ದವು. ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನವರು ಅಲ್ಲಿಗೇ ಹೋಗಿ, ಇದರ ಬಿಡಿಭಾಗ ಅದಕ್ಕೆ ಹಾಕಿ, ತೇಪೆ ಹಚ್ಚಿದರು. ಜಮ್ಷೆಡ್ ಮುನ್ಷಿ ಎಂಬ ಪೈಲಟ್ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ತಿ ರಿಪೇರಿಯಾಗಿ ಭಾರತೀಯ ವಾಯುಪಡೆ ಸೇರಿ 1968ರವರೆಗೆ ದುಡಿದವು. ಬೆಲೆ ಏರಲು ಬಿಡದೆ ಕೆಲಸಕ್ಕೆ ಹಚ್ಚಿದ ಇಂಥ ಅಪಚಾರ ವಿರಳ.

ಅದೃಷ್ಟಕ್ಕೆ, ಸೇವೆ ಮುಗಿದ ಮೇಲೆ ಒಂದು ಲಿಬರೇಟರ್ ಮತ್ತೆ ಪಾಳುಬಿದ್ದು ಮರ್ಯಾದೆ ಗಳಿಸಿತು. 1981ರಲ್ಲಿ ಬ್ರಿಟಿಷ್ ಸಂಗ್ರಾಹಕರೊಬ್ಬರು ಕೊಂಡರು, ಅವರಿಂದ ಅಮೆರಿಕದವರು ಕೊಂಡರು. ವರ್ಷಗಳ ದುರಸ್ತಿಯ ಬಳಿಕ 1989ರಲ್ಲಿ ಅದು ಅಲ್ಲಿ ಹಾರಿತು. ಕಾನ್ಪುರದಿಂದ ಬೆಂಗಳೂರಿಗೆ ಅದನ್ನು ಆಗಲೇ ಒಮ್ಮೆ ಹಾರಿಸಿ ತಂದವರ ಮಜೂರಿಗೆ ಈ ಶಾಸ್ತ್ರದಲ್ಲಿ ಸೂತ್ರವಿಲ್ಲ.