ವಾಲ್ವ್ ಮಾವ

ಗೃಹಪ್ರವೇಶಕ್ಕೆ ಬಂದವರು ಟೈಲ್ಸ್ ನೋಡುತ್ತಾರೆ, ದೇವರ ಮನೆಯ ಬಾಗಿಲಿನ ಕೆತ್ತನೆ ಸವರುತ್ತಾರೆ, ಊಟ ಎಷ್ಟು ಹೊತ್ತಿಗೆ ಎಂದು ವಿಚಾರಿಸುತ್ತಾರೆ. ಮಾವ ಚಪ್ಪಲಿ ಬಿಟ್ಟವರೇ ಕೇಳುವುದು ಒಂದೇ: "ಗೇಟ್ ವಾಲ್ವ್ ಎಲ್ಲೈತಪ್ಪ?"

ಯಜಮಾನ ಕಕ್ಕಾಬಿಕ್ಕಿ. ಸಾಲ ಮಾಡಿ ಕಟ್ಟಿಸಿದ ಮನೆಯಲ್ಲಿ ನೀರು ನಿಲ್ಲಿಸುವ ತಿರುಪು ಎಲ್ಲಿದೆ ಎಂದು ಅವನಿಗೇ ತಿಳಿಯದು. ಗೊತ್ತಿರುವ ಪ್ಲಂಬರು ಫೋನ್ ಎತ್ತುವುದಿಲ್ಲ. "ನಡುರಾತ್ರೀಲಿ ಪೈಪ್ ಒಡೆದ್ರೆ ಏನ್ಲಾ ಮಾಡ್ತೀಯ, ಇನ್ನೊಂದು ಹೋಮನಾ?"

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಯಾವ ನೆಂಟಸ್ತಿಕೆ ಜಾಲಾಡಿದರೂ ಇಂಥ ಒಬ್ಬ ಮಾವ ಸಿಕ್ಕೇ ಸಿಗುತ್ತಾರೆ. ರೇಷ್ಮೆಗೂಡು ಮಾರಿ ಬಂದ ಜೇಬಿನಲ್ಲಿ ದುಡ್ಡಿನ ಜೊತೆ ಟೆಫ್ಲಾನ್ ಟೇಪು, ಒಂದೆರಡು ವಾಷರು. ತೊಟ್ಟಿಕ್ಕುವ ನಲ್ಲಿಯನ್ನು ಯಾರಾದರೂ ಬಲವಾಗಿ ತಿರುಚಿದರೆ ಮಾವನ ಮೈ ಉರಿಯುತ್ತದೆ. "ಸವೆದಿರೋದು ವಾಷರ್ರು, ನೀನು ಕತ್ತು ಹಿಸುಕ್ತಿರೋದು ನಲ್ಲೀದು!" ಗೇಟ್ ವಾಲ್ವನ್ನು ತಿಂಗಳಿಗೊಮ್ಮೆಯಾದರೂ ಮುಚ್ಚಿ ತೆಗೆಯಬೇಕು, ಇಲ್ಲದಿದ್ದರೆ ಬೋರ್ ನೀರಿನ ಉಪ್ಪು ಕಟ್ಟಿ ಬೇಕಾದ ದಿನ ಅಲುಗುವುದಿಲ್ಲ. ಇದನ್ನವರು ಆರತಕ್ಷತೆಯಲ್ಲಿ ಮದುಮಗನ ಕಿವಿಯಲ್ಲೂ ಹೇಳಿದ್ದಾರೆ.

ರಾಮನಗರದವರು ಬೆಟ್ಟ ತೋರಿಸಿ, 1975ರ 'ಶೋಲೆ' ತೆಗೆದದ್ದು ಇಲ್ಲೇ ಎಂದು ಬೀಗುತ್ತಾರೆ. ಮಾವನ ಲೆಕ್ಕದಲ್ಲಿ ಆ ಸಿನಿಮಾದಲ್ಲಿ ಇರುವುದೇ ಒಂದು ಸೀನು: ವೀರು ನೀರಿನ ಟ್ಯಾಂಕ್ ಹತ್ತಿದ್ದು. "ಅಷ್ಟೊತ್ತು ಮೇಲೆ ನಿಂತು ಕೂಗಾಡ್ದ. ಒಂದ್ಸಲ ಮುಚ್ಚಳ ತೆಗ್ದು ಬಾಲ್ ಕಾಕ್ ನೋಡ್ದ್ನಾ?"

ಕನಕಪುರ ರಸ್ತೆಯಲ್ಲಿ ಬಸ್ಸು ಹೋಗುವಾಗ ಅವರಿಗೆ ಕಿಟಕಿ ಸೀಟೇ ಬೇಕು. ತೊರೆಕಾಡನಹಳ್ಳಿಯಲ್ಲಿ ಪಂಪಾದ ಕಾವೇರಿ ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಮತ್ತೆ ಪಂಪಾಗಿ ಬೆಂಗಳೂರಿಗೆ ಹತ್ತುವ ದಾರಿ ಅದು. ಪಕ್ಕದಲ್ಲಿ ತೂಕಡಿಸುವವರನ್ನು ತಟ್ಟಿ ಎಬ್ಬಿಸುತ್ತಾರೆ: "ಜಾಯಿಂಟ್ ಎಷ್ಟಿರ್ಬೌದು ಹೇಳಿ ನೋಡಾಣ?"

ಮಾಗಡಿಯ ಒಂದು ಸೀಮಂತದಲ್ಲಿ, ತುಂಬಿಸಿದ ಟ್ಯಾಂಕು ಸುಮ್ಮಸುಮ್ಮನೆ ಖಾಲಿಯಾಗುತ್ತದೆ ಎಂದು ಮನೆಯಾಕೆ ಬಾಯಿ ತಪ್ಪಿ ಅಂದುಬಿಟ್ಟರು. ಮಾವ ಎಲೆ ಮುಂದಿನಿಂದ ಎದ್ದರು. ಮೋಟರ್ ಆಫ್ ಮಾಡಿಸಿ, ನಲ್ಲಿಗಳನ್ನೆಲ್ಲ ನಿಲ್ಲಿಸಿ, ಪಂಚೆ ಎತ್ತಿ ಕಟ್ಟಿ ತಾರಸಿ ಹತ್ತಿ, ಟ್ಯಾಂಕಿನೊಳಗೆ ನೀರಿನ ಮಟ್ಟಕ್ಕೆ ಇದ್ದಿಲಲ್ಲಿ ಗೆರೆ ಎಳೆದರು. ಗಂಟೆ ಬಿಟ್ಟು ನೋಡಿದರೆ ನೀರು ಗೆರೆಯಿಂದ ಕೆಳಗೆ. ಗೋಡೆಯಲ್ಲಿ ಎಲ್ಲೂ ತೇವವಿಲ್ಲ. ಅನುಮಾನ ಕಕ್ಕಸಿನ ಫ್ಲಶ್ ಮೇಲೆ ಹೋಯಿತು. ಅಡುಗೆಯವರ ಹತ್ತಿರ ಬೀಟ್‌ರೂಟ್ ಬಸಿದ ನೀರು ಒಂದು ಚೊಂಬು ಇಸಕೊಂಡು ಫ್ಲಶ್ ಟ್ಯಾಂಕಿಗೆ ಸುರಿದು, ಯಾರಿಗೂ ಹೇಳದೆ ಹೊರಗೆ ಕುರ್ಚಿ ಹಾಕಿ ಕೂತರು.

ಅಷ್ಟರಲ್ಲಿ ಹಿತ್ತಲ ಬಾಗಿಲಿಂದ ಒಳಹೊಕ್ಕ ಬೀಗಿತ್ತಿ, "ಅಯ್ಯಯ್ಯೋ ರಕ್ತ!" ಎಂದು ಚೀರುತ್ತಾ ಈಚೆ ಓಡಿಬಂದರು. ಹೆಂಗಸರು ಗಾಳಿ ಬೀಸಿದರು, ಯಾರೋ ಆಟೋ ಕರೆಯಲು ಓಡಿದರು. ಮಾವ ಮಾತ್ರ ಕಕ್ಕಸಿನ ಬಾಗಿಲಿಗೆ ಅಡ್ಡ ನಿಂತು ಬೀಗಿತ್ತಿಯನ್ನು ಕೇಳುತ್ತಿದ್ದರು:

"ಅಮ್ಮಾ, ಬಣ್ಣ ತಾನಾಗೇ ಇಳಿದಿತ್ತಾ, ಇಲ್ಲ ನೀವೇನಾದ್ರೂ ಫ್ಲಶ್ ಒತ್ತಿದ್ರಾ?"